ಲಂಡನ್ನಿನಲ್ಲಿ ನಾನ್-ಲೀಗ್ ಫುಟ್‌ಬಾಲ್ ಮ್ಯಾಚ್‌ಗೆ ಒಬ್ಬರೇ ಹೋಗಬಹುದಾ?

ನೀವು ಕೇಳಿದ್ದು ಇಷ್ಟು: ಕೆಲಸಕ್ಕೆ ಅಂತ ಲಂಡನ್ನಿಗೆ ಬಂದಿದ್ದೀರಿ, ಪ್ರೀಮಿಯರ್ ಲೀಗ್ ಟಿಕೆಟ್ ಸಿಗುತ್ತಿಲ್ಲ, ಯಾರೋ ನಾನ್-ಲೀಗ್ ಮ್ಯಾಚ್ ನೋಡಿ ಅಂದರು. ವಾರದ ಮಧ್ಯೆ ಸಂಜೆ ಹೊತ್ತು, ಗುರುತಿನವರು ಯಾರೂ ಇಲ್ಲದೆ ಹೋದರೆ ಹೇಗಿರುತ್ತದೆ ಅಂತ.

ಹೋಗಿ. ಮಂಗಳವಾರ ಸಂಜೆಯ ಮ್ಯಾಚ್‌ಗೇ ಹೋಗಿ. ನಾನು ಬೆಂಗಳೂರಿನ ಆಸ್ಟಿನ್ ಟೌನ್‌ನಲ್ಲಿ ಬೆಳೆದವನು. ನಂದನ್ ಗ್ರೌಂಡಿನ ಗೆರೆ ಪಕ್ಕ ನಿಂತು ಮ್ಯಾಚ್ ನೋಡಿದ ಸುಖ ಇಲ್ಲಿ ನನಗೆ ಮತ್ತೆ ಸಿಕ್ಕಿದ್ದು ಇಂಥ ಸಣ್ಣ ಮೈದಾನಗಳಲ್ಲೇ.

ಮೊದಲು ಒಂದು ವಿಷಯ. ನಾನ್-ಲೀಗ್ ಅಂದರೆ ಲೀಗೇ ಇಲ್ಲ ಅಂತಲ್ಲ. ಪ್ರೀಮಿಯರ್ ಲೀಗ್‌ನ 20 ತಂಡ, ಅದರ ಕೆಳಗಿನ ಮೂರು ಡಿವಿಷನ್‌ಗಳ 72 ತಂಡ, ಒಟ್ಟು 92. ಇವುಗಳ ಕೆಳಗೆ ಬರುವವರೆಲ್ಲ ನಾನ್-ಲೀಗ್. ಬಹಳ ಆಟಗಾರರಿಗೆ ಹಗಲು ಬೇರೆ ಕೆಲಸ ಇರುತ್ತದೆ. ಅದು ಮುಗಿಸಿ ಬಂದು ಸಂಜೆ 7.45ಕ್ಕೆ ಆಡುತ್ತಾರೆ.

ಮೊದಲ ಸಲಕ್ಕೆ ನಾನು ಹೇಳುವುದು ಡಲ್ವಿಚ್ ಹ್ಯಾಮ್ಲೆಟ್ ಕ್ಲಬ್. ಮೈದಾನದ ಹೆಸರು ಚಾಂಪಿಯನ್ ಹಿಲ್. ಲಂಡನ್ ಬ್ರಿಡ್ಜ್‌ನಿಂದ ರೈಲು ಹತ್ತಿದರೆ ಕಾಲು ಗಂಟೆಯಲ್ಲಿ ಈಸ್ಟ್ ಡಲ್ವಿಚ್. ಅಲ್ಲಿಂದ ಐದು ನಿಮಿಷ ನಡಿಗೆ. ಸೇನ್ಸ್‌ಬರೀಸ್ ಸೂಪರ್‌ಮಾರ್ಕೆಟ್ ಪಕ್ಕದಲ್ಲೇ ಇದೆ. ಕತ್ತಲಾದ ಮೇಲೆ ಹೋದರೆ ದಾರಿ ಕೇಳುವುದೇ ಬೇಡ, ಫ್ಲಡ್‌ಲೈಟ್ ಕಾಣುತ್ತದೆ. ಟಿಕೆಟ್ 15 ಪೌಂಡ್ ಆಸುಪಾಸು. ಇನ್ನೂ ಕೆಳಗಿನ ಲೀಗ್‌ಗಳಲ್ಲಿ ಇದಕ್ಕಿಂತ ಕಡಿಮೆ.

ನಾನು ಮೊದಲ ಸಲ ಹೋದದ್ದು ನವೆಂಬರ್‌ನಲ್ಲಿ. ಒಬ್ಬನೇ. ಕೈಯಲ್ಲಿ ಪೇಪರ್ ಕಪ್ಪಿನ ಟೀ, ಒಂದು ಪೊಟ್ಟಣ ಚಿಪ್ಸ್ (ಸಸ್ಯಾಹಾರಿಗಳು ಧೈರ್ಯವಾಗಿ ಹೋಗಬಹುದು). ಎಲ್ಲಿ ನಿಲ್ಲಬೇಕು ಅಂತ ಗೊತ್ತಾಗದೆ ಗೆರೆ ಪಕ್ಕದ ಕಬ್ಬಿಣದ ರೇಲಿಂಗ್ ಹಿಡಿದು ನಿಂತೆ. ಅಷ್ಟರಲ್ಲಿ ಚೆಂಡು ಹಾರಿ ಬಂದು ರೇಲಿಂಗಿಗೆ ಬಡಿಯಿತು. ಕಬ್ಬಿಣ ಝುಮ್ ಅಂದದ್ದು ಅಂಗೈಯೊಳಗೆ ಗೊತ್ತಾಯಿತು. ಥ್ರೋ ಎಸೆಯಲು ಬಂದ ಹುಡುಗ ನನ್ನಿಂದ ಎರಡು ಮಾರು ದೂರದಲ್ಲಿ ನಿಂತ. ಮೈಯಿಂದ ಹಬೆ ಏಳುತ್ತಿತ್ತು. ಒದ್ದೆ ಚೆಂಡನ್ನು ಅಂಗಿಗೆ ಒರೆಸಿಕೊಂಡ. ಏದುಸಿರು ಕೇಳಿಸುತ್ತಿತ್ತು. ಹಿಂದಿನಿಂದ ಗೋಲ್‌ಕೀಪರ್ ಅವನ ಹೆಸರು ಹಿಡಿದು ಕೂಗುತ್ತಲೇ ಇದ್ದ. ಟಿವಿಯಲ್ಲಿ ವರ್ಷಗಟ್ಟಲೆ ಫುಟ್‌ಬಾಲ್ ನೋಡಿದ್ದೆ. ಒಂದು ತಂಡ ಆಟದುದ್ದಕ್ಕೂ ಒಬ್ಬರಿಗೊಬ್ಬರು ಇಷ್ಟು ಮಾತಾಡುತ್ತದೆ ಅನ್ನುವುದು ಅಲ್ಲಿ ನಿಂತಾಗಲೇ ತಿಳಿದದ್ದು.

ಪಕ್ಕದಲ್ಲಿ ವಯಸ್ಸಾದವರೊಬ್ಬರು ಗುಲಾಬಿ-ನೀಲಿ ಮಫ್ಲರ್ ಹಾಕಿಕೊಂಡು ನಿಂತಿದ್ದರು. ಕ್ಲಬ್ಬಿನ ಬಣ್ಣವೇ ಅದು. "ಮೊದಲ ಸಲಾನಾ?" ಅಂತ ಅವರೇ ಮಾತಿಗೆ ಶುರು ಮಾಡಿದರು. ಕ್ಲಬ್ ಹುಟ್ಟಿದ್ದು 1893ರಲ್ಲಿ ಅಂದರು. ಎಡ್ಗರ್ ಕೇಲ್ ಬಗ್ಗೆ ಹೇಳಿದರು. ಕೇಲ್ ಹಣಕ್ಕಾಗಿ ಆಡಿದವರಲ್ಲ, ಇದೇ ಕ್ಲಬ್ಬಿನಲ್ಲಿದ್ದುಕೊಂಡು 1929ರಲ್ಲಿ ಇಂಗ್ಲೆಂಡ್ ತಂಡಕ್ಕೆ ಆಡಿದರು. ಫ್ರಾನ್ಸ್ ಮೇಲೆ ಎರಡು ಗೋಲ್ ಹೊಡೆದರು. ಮೈದಾನಕ್ಕೆ ಹೋಗುವ ದಾರಿಗೆ ಕೇಲ್ ಅವರದೇ ಹೆಸರು. ಬರುವಾಗ ಆ ಬೋರ್ಡ್ ನೋಡದೆ ದಾಟಿದ್ದೆ, ವಾಪಸ್ ಹೋಗುವಾಗ ನಿಂತು ಓದಿದೆ.

2018ರ ಕಥೆಯನ್ನೂ ಆ ಮಫ್ಲರ್ ಹಾಕಿದ ಹಿರಿಯರೇ ಹೇಳಿದರು. ಜಾಗದ ಮಾಲೀಕರ ಜೊತೆ ಜಗಳವಾಗಿ ಕ್ಲಬ್ ತನ್ನ ಮೈದಾನದಿಂದಲೇ ಹೊರಬಿತ್ತು. ಬೇರೆ ಕ್ಲಬ್ಬಿನ ಮೈದಾನದಲ್ಲಿ ಆಡಬೇಕಾಯಿತು. ಹಾಗಿದ್ದೂ ಆ ಸೀಸನ್ನಿನಲ್ಲೇ ಮೇಲಿನ ಡಿವಿಷನ್‌ಗೆ ಏರಿದರು. ಡಿಸೆಂಬರ್‌ನಲ್ಲಿ ಮನೆಗೆ ವಾಪಸ್ ಬಂದರು. ಇದನ್ನು ಹೇಳುವಾಗ ಅವರ ಕಣ್ಣು ಆಟದ ಮೇಲಿರಲಿಲ್ಲ, ಗೋಲ್ ಹಿಂದೆ ನಿಂತಿದ್ದ ಜನರ ಮೇಲಿತ್ತು.

ಹಾಫ್ ಟೈಮ್ ಆದಾಗ ಒಂದು ಚಂದ ನೋಡಿ. ಒಂದು ಗೋಲ್ ಹಿಂದೆ ಇದ್ದವರೆಲ್ಲ ಬಾವುಟ, ನಾಯಿ, ಮಕ್ಕಳ ಸಮೇತ ನಡೆದು ಇನ್ನೊಂದು ಗೋಲ್ ಹಿಂದೆ ಹೋಗಿ ನಿಲ್ಲುತ್ತಾರೆ. ತಮ್ಮ ತಂಡ ಯಾವ ಕಡೆ ಗೋಲ್ ಹೊಡೆಯಬೇಕೋ ಆ ಕಡೆಗೆ. ನೀವೂ ಅವರ ಜೊತೆ ನಡೆಯಿರಿ. ಬೇರೆ ಊರಿನವರು ಅಂತ ಯಾರೂ ತಿರುಗಿ ನೋಡುವುದಿಲ್ಲ. ಬಿಯರ್ ಹಿಡಿದು ನಿಂತವರನ್ನು ನೋಡಿ ಗಾಬರಿಯಾಗಬೇಡಿ. 1985ರ ಕಾನೂನಿನ ಪ್ರಕಾರ ದೊಡ್ಡ ಕ್ಲಬ್‌ಗಳಲ್ಲಿ ಆಟ ಕಾಣುವ ಜಾಗದಲ್ಲಿ ಕುಡಿಯುವ ಹಾಗಿಲ್ಲ. ಈ ಮಟ್ಟದಲ್ಲಿ ಆ ಕಟ್ಟು ಇಲ್ಲ. ಹಾಗಂತ ಗಲಾಟೆ ನಾನು ಒಂದು ಸಲವೂ ನೋಡಿಲ್ಲ.

ನಮ್ಮವರಿಗೆ ಇನ್ನೊಂದು ನಂಟೂ ಇದೆ. 1948ರ ಒಲಿಂಪಿಕ್ಸ್ ಫುಟ್‌ಬಾಲ್‌ನ ಕೆಲವು ಪಂದ್ಯ ನಡೆದದ್ದು ಇಂಥ ಸಣ್ಣ ಕ್ಲಬ್‌ಗಳ ಮೈದಾನದಲ್ಲೇ. ಹಳೆಯ ಚಾಂಪಿಯನ್ ಹಿಲ್‌ನಲ್ಲಿ ದಕ್ಷಿಣ ಕೊರಿಯಾ ಮೆಕ್ಸಿಕೋವನ್ನು 5-3ರಿಂದ ಸೋಲಿಸಿತು. ನಮ್ಮ ಭಾರತ ತಂಡ ಲಂಡನ್ನಿನ ಪೂರ್ವಕ್ಕಿರುವ ಇಲ್‌ಫರ್ಡ್‌ನಲ್ಲಿ ಆಡಿತು, ಬಹಳ ಮಂದಿ ಬರಿಗಾಲಲ್ಲಿ. ಸಾರಂಗಪಾಣಿ ರಾಮನ್ ಗೋಲ್ ಹೊಡೆದರು, ಆದರೂ ಫ್ರಾನ್ಸ್ 2-1ರಿಂದ ಗೆದ್ದಿತು. ಆ ತಂಡದಲ್ಲಿ ಬೆಂಗಳೂರಿನ ಅಹ್ಮದ್ ಖಾನ್ ಇದ್ದರು. ನಮ್ಮ ಕಡೆಯ ಹುಡುಗ ಆ ಕಾಲದಲ್ಲೇ ಇಲ್ಲಿಗೆ ಬಂದು ಹೋಗಿದ್ದಾನೆ ಅಂತ ನೆನೆದರೆ ನನಗೆ ಈಗಲೂ ಎದೆ ತುಂಬಿ ಬರುತ್ತದೆ.

ಹೊರಡುವ ಮುಂಚೆ ಒಂದು ಕೆಲಸ ತಪ್ಪದೆ ಮಾಡಿ. ಮಧ್ಯಾಹ್ನದ ಮೇಲೆ ಕ್ಲಬ್ಬಿನ ಪುಟ ನೋಡಿ. ಮಳೆ ಜಾಸ್ತಿಯಾದರೆ ಮೈದಾನದಲ್ಲಿ ನೀರು ನಿಂತು ಮ್ಯಾಚ್ ರದ್ದಾಗುತ್ತದೆ. ಒಂದು ಜನವರಿಯಲ್ಲಿ ಬೇರೊಂದು ಮೈದಾನಕ್ಕೆ ಒಂದೂವರೆ ಗಂಟೆ ಪ್ರಯಾಣ ಮಾಡಿ ಹೋಗಿ, ಬೀಗ ಹಾಕಿದ ಗೇಟ್ ನೋಡಿ ವಾಪಸ್ ಬಂದಿದ್ದೇನೆ. ದಪ್ಪ ಸಾಕ್ಸ್ ಹಾಕಿಕೊಳ್ಳಿ. ನಿಂತ ಜಾಗದಲ್ಲಿ ಚಳಿ ಮೊದಲು ಏರುವುದು ಕಾಲಿಗೆ.

ಮಂಗಳವಾರದ ಮ್ಯಾಚ್ ಇದ್ದರೆ ಸಾಮಾನ್ಯವಾಗಿ ನಾನೂ ಅಲ್ಲೇ ಇರುತ್ತೇನೆ, ರೇಲಿಂಗ್ ಪಕ್ಕ. ಕನ್ನಡದಲ್ಲಿ ಒಂದು ಕೂಗು ಹಾಕಿ, ಟೀ ನನ್ನ ಲೆಕ್ಕ.