ಶವಪೆಟ್ಟಿಗೆಯಲ್ಲಿ ಮಲಗಿದವನನ್ನು ಎಬ್ಬಿಸುವುದು ಹೇಗೆ?

ಈ ಸಲ ಹಾಸನ, ಚಿಕ್ಕಮಗಳೂರು ಕಡೆಯಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಗೇಮಿನವು: 1997ರ ‘ಫೈನಲ್ ಫ್ಯಾಂಟಸಿ 7’. ಅದರ ನಾಯಕ ಕ್ಲೌಡ್‌ನ ತಂಡದಲ್ಲಿ ಒಟ್ಟು ಒಂಬತ್ತು ಜನ. ಏಳು ಮಂದಿ ಕಥೆಯ ಜೊತೆಗೇ ಬಂದು ಸೇರುತ್ತಾರೆ. ವಿನ್ಸೆಂಟ್ ಮತ್ತು ಯುಫಿ ಮಾತ್ರ ಹುಡುಕಿದವರಿಗಷ್ಟೇ ಸಿಗುತ್ತಾರೆ. ಹುಡುಕದೆಯೂ ಗೇಮ್ ಮುಗಿಸಬಹುದು. ವಿನ್ಸೆಂಟ್ ಮಲಗಿರುವುದು ಶಿನ್ರಾ ಬಂಗಲೆಯ ನೆಲಮಾಳಿಗೆಯಲ್ಲಿ, ಶವಪೆಟ್ಟಿಗೆಯೊಳಗೆ. ಆ ಕೋಣೆಯ ಕೀಲಿ ಬಂಗಲೆಯ ತಿಜೋರಿಯಲ್ಲಿದೆ. ಪ್ರಶ್ನೆ ಕಳಿಸಿದವರ ಊರನ್ನಷ್ಟೇ ಹಾಕಿದ್ದೇವೆ.

ಶಿನ್ರಾ ಬಂಗಲೆಯ ತಿಜೋರಿ ತೆರೆಯುತ್ತಲೇ ಇಲ್ಲ. 36, 10, 59, 97 ಎಂಬ ಅಂಕಿಗಳು ಗೊತ್ತಿವೆ. ಎಷ್ಟು ತಿರುಗಿಸಿದರೂ ಆಗುತ್ತಿಲ್ಲ. ಗೇಮೇ ಕೆಟ್ಟಿದೆಯೇ? (ಸಕಲೇಶಪುರ)

ಗೇಮ್ ಕೆಟ್ಟಿಲ್ಲ, ಅಂಕಿಗಳೂ ಸರಿಯಾಗಿವೆ. ತಪ್ಪುತ್ತಿರುವುದು ದಿಕ್ಕು ಇರಬೇಕು. ಬಲಕ್ಕೆ 36, ಎಡಕ್ಕೆ 10, ಬಲಕ್ಕೆ 59, ಆಮೇಲೆ ಮತ್ತೆ ಬಲಕ್ಕೇ 97. ಬಲ, ಎಡ, ಬಲ ಎಂದು ಕೈ ಒಮ್ಮೆ ಪಳಗಿದರೆ ನಾಲ್ಕನೆಯದನ್ನು ತಾನಾಗಿಯೇ ಎಡಕ್ಕೆ ತಿರುಗಿಸಿಬಿಡುತ್ತದೆ. ಬಹಳ ಜನ ಎಡವುವುದು ಅಲ್ಲೇ.

ಎರಡನೆಯ ಕಾರಣ, ಅಂಕಿಯನ್ನು ದಾಟಿ ಹೋಗುವುದು. 36ರ ಬದಲು 37ಕ್ಕೆ ಹೋಗಿ ಮತ್ತೆ 36ಕ್ಕೆ ಬಂದರೆ ತಿಜೋರಿ ಒಪ್ಪುವುದಿಲ್ಲ, ಮೊದಲಿಂದ ಶುರು ಮಾಡಬೇಕು. ನಿಮಗಿರುವ ಸಮಯ 20 ಸೆಕೆಂಡ್. ಅಂಕಿಗೆ ಐದಾರು ಬಾಕಿ ಇರುವವರೆಗೆ ಗುಂಡಿಯನ್ನು ಒತ್ತಿ ಹಿಡಿಯಿರಿ, ಅಲ್ಲಿಂದ ಮುಂದೆ ಒಂದೊಂದೇ ಸಲ ತಟ್ಟಿ. ಹೀಗೆ ಮಾಡಿದರೆ ಸಮಯ ಸಾಲುತ್ತದೆ. ನಿಂಟೆಂಡೊ ಸ್ವಿಚ್ ಆವೃತ್ತಿಯಲ್ಲಿ ಆಡುತ್ತಿದ್ದರೆ ಮೂರು ಪಟ್ಟು ವೇಗದ ಆಯ್ಕೆಯನ್ನು ಆಫ್ ಮಾಡಿ.

ಅಂಕಿಗಳು ಎಲ್ಲಿಂದ ಬಂದವು ಎಂದೂ ಕೇಳಿದ್ದೀರಿ. ಬಂಗಲೆಯೊಳಗೆ ಒಂದು ಚೀಟಿ ಸಿಗುತ್ತದೆ. ತನ್ನ ಸಂಶೋಧನೆಗೆ ಅಡ್ಡ ಬಂದ ಟರ್ಕ್ಸ್ ಎಂಬ ಶಿನ್ರಾ ಕಂಪನಿಯ ಗುಪ್ತ ಪಡೆಯವನೊಬ್ಬನ ದೇಹವನ್ನೇ ಬದಲಾಯಿಸಿ ನೆಲಮಾಳಿಗೆಯಲ್ಲಿ ಮಲಗಿಸಿದ್ದೇನೆ, ಬೇಕಿದ್ದರೆ ಹುಡುಕಿ ಎಂದು ಬರೆದಿಟ್ಟವನು ಹೋಜೋ ಎಂಬ ವಿಜ್ಞಾನಿ. ಅಂಕಿಗಳಿಗೆ ಅದರಲ್ಲಿರುವ ಮೊದಲ ಸುಳಿವು, ‘ಆಮ್ಲಜನಕ ಹೆಚ್ಚಿರುವ ಪೆಟ್ಟಿಗೆಯ ಮುಚ್ಚಳ’ ಎಂದರೆ ಗಿಡಗಳಿರುವ ಕೋಣೆಯ ಪೆಟ್ಟಿಗೆ. ಎರಡನೆಯ ಸುಳಿವಿನಲ್ಲಿ ಬರುವ ‘ಐವರಿ’ ಎಂದರೆ ಪಿಯಾನೊ, ಅದರ ಮನೆಗಳನ್ನು ಹಿಂದೆ ಆನೆದಂತದಿಂದ ಮಾಡುತ್ತಿದ್ದರು. ಆ ಸಾಲಿನ ಉಳಿದ ಇಂಗ್ಲಿಷ್ ತಲೆ ತಿನ್ನುತ್ತದೆ, ಅದನ್ನು ಬಿಟ್ಟು ಪಿಯಾನೊ ಹಿಂದೆ ನೋಡಿ. ಮೂರನೆಯದಕ್ಕೆ ಮಹಡಿಯ ಕುರ್ಚಿಯ ಹತ್ತಿರ ನೆಲ ಕಿರುಗುಟ್ಟುವ ಜಾಗದಿಂದ ಎಡಕ್ಕೆ 5, ಮೇಲಕ್ಕೆ 9, ಎಡಕ್ಕೆ 2, ಮೇಲಕ್ಕೆ 6 ಹೆಜ್ಜೆ. ನಾಲ್ಕನೆಯದು ಆ ಚೀಟಿಯಲ್ಲೇ ಅಡಗಿದೆ. ಇದ್ಯಾವುದನ್ನೂ ಓದದೆ ಅಂಕಿ ಹಾಕಿದರೂ ತಿಜೋರಿ ತೆರೆಯುತ್ತದೆ, ನಿಜ. ಆದರೂ ಒಮ್ಮೆ ಚೀಟಿ ಹಿಡಿದು ಆ ಬಂಗಲೆಯನ್ನೆಲ್ಲ ಸುತ್ತಿ ನೋಡಿ. ಇಡೀ ಗೇಮಿನಲ್ಲಿ ಇಷ್ಟು ಚೆನ್ನಾಗಿ ಹೆಣೆದ ಒಗಟು ಇನ್ನೊಂದಿಲ್ಲ.

ತಿಜೋರಿ ತೆರೆದ ಕೂಡಲೇ ಒಂದು ರಾಕ್ಷಸ ಮೈಮೇಲೆ ಬೀಳುತ್ತದೆ. ಅರ್ಧ ಗೆದ್ದೆ ಅನ್ನುವಷ್ಟರಲ್ಲಿ ರೂಪ ಬದಲಾಯಿಸಿ ಎಲ್ಲರನ್ನೂ ಮುಗಿಸಿಬಿಡುತ್ತದೆ. (ಮೂಡಿಗೆರೆ)

ಅದು ‘ಲಾಸ್ಟ್ ನಂಬರ್’. ಅದರ ಎಚ್‌ಪಿ, ಅಂದರೆ ಜೀವಬಲ, 7,000. ಅರ್ಧಕ್ಕೆ ಇಳಿದಾಗ ಅದು ಯಾವ ರೂಪ ತಾಳುತ್ತದೆ ಎಂಬುದು ನಿಮ್ಮ ಕೈಯಲ್ಲೇ ಇದೆ. ಆ ಗೆರೆ ದಾಟಿಸಿದ ಏಟು ಆಯುಧದ್ದಾದರೆ ಆಮೇಲೆ ಅದು ಮೈಬಲದಿಂದ ಹೊಡೆಯುತ್ತದೆ, ಮಂತ್ರದ್ದಾದರೆ ಮಂತ್ರ ಹಾಕುತ್ತದೆ. ನಮ್ಮ ಸಲಹೆ, ಆಯುಧದಿಂದಲೇ ದಾಟಿಸಿ. ಯಾಕೆಂದರೆ ಹಿಂದಿನ ಸಾಲಿನಲ್ಲಿ ನಿಂತವರಿಗೆ ಆಯುಧದ ಏಟು ಅರ್ಧಕ್ಕೆ ಇಳಿಯುತ್ತದೆ, ಮಂತ್ರಕ್ಕೆ ಆ ರಿಯಾಯಿತಿ ಇಲ್ಲ. ಹಿಂದಿನ ಸಾಲಿಗೆ ಹೋದರೆ ನಿಮ್ಮ ಏಟೂ ಅರ್ಧವಾಗುತ್ತದೆ ಎಂಬುದು ನೆನಪಿರಲಿ. ತಂಡದ ಬ್ಯಾರೆಟ್‌ನ ಬಂದೂಕಿನಂತೆ ದೂರದಿಂದ ಹೊಡೆಯುವ ಆಯುಧಕ್ಕೆ ಈ ತೊಂದರೆಯಿಲ್ಲ, ‘ಲಾಂಗ್ ರೇಂಜ್’ ಮಟೀರಿಯಾ (ಆಯುಧ, ಕವಚಗಳ ತೂತಿನಲ್ಲಿ ಕೂರಿಸುವ ಮಾಂತ್ರಿಕ ಹರಳು) ಹಾಕಿಕೊಂಡವರಿಗೂ ಇಲ್ಲ. ‘ರಿಸ್ಟೋರ್’ ಮಟೀರಿಯಾಕ್ಕೆ ಪಕ್ಕದ ಜೋಡಿ ತೂತಿನಲ್ಲಿ ‘ಆಲ್’ ಸೇರಿಸಿದರೆ ಮೂವರಿಗೂ ಒಂದೇ ಸಲಕ್ಕೆ ಚಿಕಿತ್ಸೆ ಆಗುತ್ತದೆ. ಅದಿಲ್ಲದೆ ತಿಜೋರಿ ಮುಟ್ಟಬೇಡಿ.

ಇನ್ನೊಂದು ಮಾತು. ತಿಜೋರಿಗೆ ಕೈ ಹಾಕುವ ಮೊದಲು ಊರಿನಾಚೆ ಬಂದು ದೊಡ್ಡ ನಕ್ಷೆಯ ಮೇಲೆ ಸೇವ್ ಮಾಡಿ, ಅಲ್ಲಿ ಎಲ್ಲಿ ಬೇಕಾದರೂ ಸೇವ್ ಆಗುತ್ತದೆ. ಮಳೆಗಾಲದಲ್ಲಿ ನಿಮ್ಮ ಕಡೆ ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದು. ಡೆಸ್ಕ್‌ಟಾಪಿನಲ್ಲಿ ಆಡುವವರಿಗೆ ಈ ಎರಡು ನಿಮಿಷ ದಂಡವಲ್ಲ.

ಕೀಲಿ ಸಿಕ್ಕಿತು, ಶವಪೆಟ್ಟಿಗೆಯನ್ನೂ ತೆರೆದೆ. ವಿನ್ಸೆಂಟ್ ಎರಡು ಮಾತಾಡಿ ಮತ್ತೆ ಮಲಗಿಬಿಟ್ಟ. (ಅರಸೀಕೆರೆ)

ಒಂದೇ ಮಾತಿಗೆ ಏಳುವವನಲ್ಲ ಅವನು. ಮೊದಲ ಸಲ ಮಾತಿಗೆ ನಿಂತಾಗ ಗೇಮಿನ ಖಳನಾಯಕ ಸೆಫಿರಾತ್ ವಿಷಯ ಎತ್ತಿ. ಅದನ್ನು ಕೇಳಿ ಅವನು ಮತ್ತೆ ಮಲಗುತ್ತಾನೆ. ಅಲ್ಲೇ ನಿಂತು ಪೆಟ್ಟಿಗೆಯನ್ನು ಇನ್ನೊಮ್ಮೆ ತಟ್ಟಿ, ‘ನೀನು ಯಾರು’ ಎಂದು ಕೇಳಿ. ಆಗ ತನ್ನ ಹೆಸರು, ಟರ್ಕ್ಸ್‌ನಲ್ಲಿದ್ದ ಕಾಲ, ಸೆಫಿರಾತ್‌ನ ಹೆತ್ತ ತಾಯಿ ಲುಕ್ರೇಷಿಯಾಳ ಮಾತು ಎಲ್ಲ ಹೊರಬರುತ್ತದೆ. ಮತ್ತೆ ಮಲಗಿದರೂ ಬೇಸರ ಬೇಡ. ಕೋಣೆಯಿಂದ ಹೊರಟು ನಡೆಯಿರಿ. ಹಿಂದಿನಿಂದ ಬಂದು ತಡೆದು, ನಿಮ್ಮ ಜೊತೆ ಬಂದರೆ ಹೋಜೋ ಸಿಗುತ್ತಾನೆಯೇ ಎಂದು ಕೇಳಿ ತಂಡ ಸೇರುತ್ತಾನೆ. ಅವನದೂ ಬಂದೂಕು, ಹಿಂದಿನ ಸಾಲಿನಲ್ಲೇ ನಿಲ್ಲಿಸಿ. ಲಿಮಿಟ್ (ಏಟು ತಿಂದಂತೆ ತುಂಬುವ ವಿಶೇಷ ದಾಳಿ) ಬಳಸಿದರೆ ಮೃಗವಾಗಿಬಿಡುತ್ತಾನೆ, ಆ ಕಾಳಗ ಮುಗಿಯುವವರೆಗೆ ನಿಮ್ಮ ಮಾತು ಕೇಳುವುದಿಲ್ಲ. ಚಿಕಿತ್ಸೆಯ ಮಟೀರಿಯಾವನ್ನು ಇವನೊಬ್ಬನಿಗೇ ಕೊಟ್ಟು ಕೂರಬೇಡಿ.

ನಾನು ‘ರೀಬರ್ತ್’ ಕೊಂಡಿದ್ದೇನೆ. ಅದರಲ್ಲಿ ವಿನ್ಸೆಂಟ್‌ನನ್ನು ಆಡಿಸುವುದು ಹೇಗೆ? (ಚಿಕ್ಕಮಗಳೂರು)

ಆಗುವುದಿಲ್ಲ. ಇದೇ ಕಥೆಯನ್ನು ಹೊಸದಾಗಿ ಮಾಡಿದ 2024ರ ಆ ಗೇಮಿನಲ್ಲಿ ಅವನು ಕಥೆಯಲ್ಲಿ ಬರುತ್ತಾನೆ, ಆದರೆ ನಿಮ್ಮ ಕೈಗೆ ಸಿಗುವುದಿಲ್ಲ. ಯುಫಿಯೂ ಅದರಲ್ಲಿ ಗುಟ್ಟಿನವಳಲ್ಲ, ತಾನಾಗಿಯೇ ಸೇರುತ್ತಾಳೆ. ಮುಂದಿನದೆಲ್ಲ ಹಳೆಯ ಗೇಮಿಗೇ ಸಂಬಂಧಿಸಿದ್ದು.

ಕಾಡಿನಲ್ಲಿ ‘ಮಿಸ್ಟರಿ ನಿಂಜಾ’ ಎಂಬ ಹುಡುಗಿಯನ್ನು ಸೋಲಿಸಿದೆ. ಮಾತಾಡುವಷ್ಟರಲ್ಲಿ ದುಡ್ಡು ಕದ್ದು ಓಡಿದಳು! (ಬೇಲೂರು)

ಅವಳೇ ಯುಫಿ. ಕಾಳಗ ಮುಗಿದ ಮೇಲೆ ಕಾಣುವ ಬಯಲಿನಲ್ಲಿ ಒಂದು ಸೇವ್ ಪಾಯಿಂಟ್ ಹೊಳೆಯುತ್ತಿರುತ್ತದೆ. ಅದೇ ಬಲೆ. ಅದನ್ನು ಮುಟ್ಟಬೇಡಿ, ಮೆನುವನ್ನೂ ತೆರೆಯಬೇಡಿ. ನೇರ ಅವಳ ಹತ್ತಿರ ಹೋಗಿ ಐದು ಉತ್ತರಗಳನ್ನು ಇದೇ ಸಾಲಿನಲ್ಲಿ ಕೊಡಿ: ‘ನಾಟ್ ಇಂಟರೆಸ್ಟೆಡ್’, ‘ಪೆಟ್ರಿಫೈಡ್’, ‘ವೇಟ್ ಎ ಸೆಕೆಂಡ್’, ‘ದಟ್ಸ್ ರೈಟ್’, ‘ಲೆಟ್ಸ್ ಹರಿ ಆನ್’. ಮೊದಲು ಬೇಡ ಅನ್ನಬೇಕು, ಆಮೇಲೆ ಹೆದರಿದವರಂತೆ ನಟಿಸಬೇಕು, ಹೊರಟಾಗ ತಡೆಯಬೇಕು. ಅವಳ ಜಂಬಕ್ಕೆ ಅದೇ ಮದ್ದು.

ಓಡಿಹೋದವಳು ಮತ್ತೆ ಸಿಗುತ್ತಾಳೆ. ಮಿಥ್ರಿಲ್ ಗಣಿ ದಾಟಿದ ಮೇಲಿನ ಜೂನಾನ್ ಸೀಮೆಯ ಕಾಡುಗಳಲ್ಲಿ, ಮುಂದೆ ಗೊಂಗಾಗಾ ಸುತ್ತಲಿನ ಕಾಡಿನಲ್ಲಿ ಓಡಾಡಿ. ಹುಲ್ಲುಬಯಲಲ್ಲಿ ಎಷ್ಟು ಸುತ್ತಿದರೂ ಪ್ರಯೋಜನವಿಲ್ಲ. ಮೊಬೈಲ್, ಸ್ವಿಚ್ ಆವೃತ್ತಿಗಳಲ್ಲಿ ಕಾಳಗವೇ ಬಾರದಂತೆ ಮಾಡುವ ಆಯ್ಕೆ ಇದೆ. ಅದು ಆನ್ ಆಗಿದ್ದರೆ ಅವಳೂ ಬರುವುದಿಲ್ಲ.

ತಂಡಕ್ಕೆ ಬಂದಳೆಂದು ಪೂರ್ತಿ ನಂಬಬೇಡಿ. ಅವಳನ್ನು ಕರೆದುಕೊಂಡು ವುಟಾಯ್ ಸೀಮೆಗೆ ಕಾಲಿಟ್ಟರೆ ನಿಮ್ಮ ಮಟೀರಿಯಾಗಳನ್ನು ಬಾಚಿಕೊಂಡು ಪರಾರಿಯಾಗುತ್ತಾಳೆ. ವುಟಾಯ್ ಊರಿನಲ್ಲಿ ಅವಳ ಬೆನ್ನು ಹತ್ತಿ ಕಥೆ ಮುಗಿಸಿದರೆ ಮಟೀರಿಯಾ ವಾಪಸ್ ಬರುತ್ತದೆ. ಅಲ್ಲಿಯವರೆಗೆ ಬರೀ ಆಯುಧ, ಔಷಧಿಗಳಲ್ಲೇ ಕಾದಾಡಬೇಕು. ಹೊರಡುವ ಮುನ್ನ ಪೋಶನ್‌ಗಳನ್ನು ಧಾರಾಳವಾಗಿ ಕೊಂಡಿಟ್ಟುಕೊಳ್ಳಿ.

ವಿನ್ಸೆಂಟ್‌ನ ಕೊನೆಯ ಬಂದೂಕು ಎಲ್ಲಿದೆ? (ಕಡೂರು)

ಜಲಪಾತದ ಹಿಂದಿನ ಲುಕ್ರೇಷಿಯಾಳ ಗುಹೆಯಲ್ಲಿ. ಜಲಾಂತರ್ಗಾಮಿ ಸಿಕ್ಕ ಮೇಲೆ, ವಿನ್ಸೆಂಟ್‌ನನ್ನು ತಂಡದಲ್ಲಿ ಇಟ್ಟುಕೊಂಡೇ ಹೋಗಿ. ಮೊದಲ ಭೇಟಿಯಲ್ಲಿ ಮಾತುಕತೆ ಅಷ್ಟೆ, ಕೈಗೆ ಏನೂ ಸಿಗದು. ಹೊರಬಂದು ಕನಿಷ್ಠ 10 ಕಾಳಗ ಮುಗಿಸಿ ಅವನ ಜೊತೆಗೇ ಮತ್ತೆ ಹೋದರೆ ‘ಡೆತ್ ಪೆನಾಲ್ಟಿ’ ಬಂದೂಕೂ ‘ಕೇಯಾಸ್’ ಲಿಮಿಟ್ಟೂ ಅಲ್ಲಿರುತ್ತವೆ. ಕೊಂದ ಶತ್ರುಗಳ ಲೆಕ್ಕ ಏರಿದಂತೆ ಆ ಬಂದೂಕಿನ ಬಲವೂ ಏರುತ್ತದೆ. ಲೆಕ್ಕಕ್ಕೆ ಬರುವುದು ವಿನ್ಸೆಂಟ್ ತಾನೇ ಕೊಂದವು ಮಾತ್ರ. ಹಾಗಾಗಿ ಅವನನ್ನು ಬೇಗ ಎಬ್ಬಿಸಿ, ಸಣ್ಣಪುಟ್ಟ ಶತ್ರುಗಳ ಮೇಲಿನ ಕೊನೆಯ ಏಟನ್ನು ಅವನಿಗೇ ಬಿಡಿ.