ಡಿಸ್ಕ್ ಸರಿಯಾಗಿಯೇ ಇದೆ, ಕೊನೆಯವರೆಗೂ ನೋಡಿ

ಪ್ರಶ್ನೆ: 1931ರ ‘ದಿ ಪಬ್ಲಿಕ್ ಎನಿಮಿ’ ಸಿನಿಮಾನ ಹಿಂದೆ ಅಪ್ಪನ ಹಳೇ ವಿಡಿಯೊ ಕ್ಯಾಸೆಟ್‌ನಲ್ಲಿ ನೋಡಿದ್ದೆ. ಈಗ ಡಿವಿಡಿ ಹಾಕಿದರೆ ಆಗ ನೋಡದ ದೃಶ್ಯಗಳೆಲ್ಲ ಬರುತ್ತಿವೆ. ಟಿವಿಯ ಎರಡೂ ಪಕ್ಕ ಕಪ್ಪು ಪಟ್ಟಿ. ಹಿನ್ನೆಲೆ ಸಂಗೀತ ಇಲ್ಲವೇ ಇಲ್ಲ. ಕೊಲೆ ಆಗುವ ಹೊತ್ತಿಗೆ ಕ್ಯಾಮೆರಾ ಬೇರೆ ಕಡೆ ಹೋಗುತ್ತದೆ. ನನಗೆ ಸಿಕ್ಕಿದ್ದು ಕತ್ತರಿ ಬಿದ್ದ ಪ್ರತಿಯಾ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಕತ್ತರಿ ಬಿದ್ದಿದ್ದು ಕ್ಯಾಸೆಟ್‌ನಲ್ಲಿದ್ದ ಪ್ರತಿಗೆ. ಈಗ ನಿಮ್ಮ ಕೈಯಲ್ಲಿರುವುದೇ ಪೂರ್ತಿ ಸಿನಿಮಾ. 1934ರಿಂದ ಹಾಲಿವುಡ್ ತನ್ನ ನೀತಿ ನಿಯಮಗಳನ್ನು ಬಿಗಿ ಮಾಡಿತು. ಹಾಗಾಗಿ 1941ರಲ್ಲಿ ಈ ಸಿನಿಮಾನ ಮತ್ತೆ ಬಿಡುಗಡೆ ಮಾಡುವಾಗ ಮೂರು ದೃಶ್ಯ ತೆಗೆದುಬಿಟ್ಟರು: ಒಬ್ಬ ಟೈಲರ್ ಕಥಾನಾಯಕ, ಗ್ಯಾಂಗ್‌ಸ್ಟರ್ ಟಾಮ್‌ನ ಅಳತೆ ತೆಗೆದುಕೊಳ್ಳುವುದು, ಗೆಳೆಯ ಮ್ಯಾಟ್ ತನ್ನ ಹುಡುಗಿಯ ಜೊತೆ ಹಾಸಿಗೆಯಲ್ಲಿರುವುದು, ಮತ್ತೆ ಅಡಗಿಕೊಂಡ ಮನೆಯಲ್ಲಿ ಕುಡಿದು ಬಿದ್ದಿದ್ದ ಟಾಮ್‌ನನ್ನು ಒಬ್ಬ ಹೆಂಗಸು ಬಲೆಗೆ ಹಾಕಿಕೊಳ್ಳುವುದು. ಡಿವಿಡಿಗೆ ಅವನ್ನೆಲ್ಲ ವಾಪಸ್ ಸೇರಿಸಿದ್ದಾರೆ. ಮೂರನೆಯದು ಇರಲೇಬೇಕಾದ ದೃಶ್ಯ. ರಾತ್ರಿ ಏನಾಯಿತು ಅಂತ ಬೆಳಿಗ್ಗೆ ಗೊತ್ತಾದಾಗಲೇ ಅಲ್ವಾ ಟಾಮ್ ಸಿಟ್ಟಿನಲ್ಲಿ ಬೀದಿಗಿಳಿಯುವುದು, ಅವನ ಹಿಂದೆ ಬಂದ ಮ್ಯಾಟ್ ಶತ್ರುಗಳ ಮೆಷಿನ್ ಗನ್ನಿಗೆ ಬಲಿಯಾಗುವುದು? ಅಲ್ಲಿ ಟಾಮ್ ಮರೆಗೆ ಸರಿದ ಕೂಡಲೇ ಗೋಡೆಯ ಮೂಲೆ ಪುಡಿಪುಡಿ ಆಗುತ್ತದಲ್ಲ, ಅವು ನಿಜವಾದ ಗುಂಡುಗಳು. ಟಾಮ್ ಪಾತ್ರ ಮಾಡಿದ ಜೇಮ್ಸ್ ಕ್ಯಾಗ್ನಿ ಅಷ್ಟು ಹತ್ತಿರದಲ್ಲಿ ನಿಂತು ಮಾಡಿದ್ದು.

ಕಪ್ಪು ಪಟ್ಟಿಯೂ ತಪ್ಪಲ್ಲ. ಆಗಿನ ಚಿತ್ರದ ಚೌಕಟ್ಟೇ ಈಗಿನ ಟಿವಿಯಷ್ಟು ಅಗಲ ಇರಲಿಲ್ಲ. ದಯವಿಟ್ಟು ಚಿತ್ರವನ್ನು ಹಿಗ್ಗಿಸಬೇಡಿ, ಮುಖಗಳೆಲ್ಲ ದಪ್ಪ ಕಾಣುತ್ತವೆ.

ಇನ್ನು ಕ್ಯಾಮೆರಾ ಬೇರೆ ಕಡೆ ಹೋಗುವ ವಿಷಯ. ನನಗೆ ಈ ಸಿನಿಮಾ ಮೇಲೆ ಪ್ರೀತಿ ಹುಟ್ಟಿದ್ದೇ ಅದರಿಂದ. ಪಟಿ ನೋಸ್ ಅನ್ನುವವನನ್ನು ಟಾಮ್ ಕೊಲ್ಲುವ ದೃಶ್ಯ ಇನ್ನೊಂದು ಸಲ ಹಾಕಿ ನೋಡಿ. ಹುಡುಗರಾಗಿದ್ದಾಗ ಟಾಮ್, ಮ್ಯಾಟ್ ಇಬ್ಬರಿಗೂ ಕಳ್ಳತನ ಕಲಿಸಿ, ಕಷ್ಟದಲ್ಲಿ ಕೈಬಿಟ್ಟು ಓಡಿದವನು ಅವನು. ಪ್ರಾಣಭಿಕ್ಷೆ ಬೇಡುತ್ತಾ ಪಿಯಾನೊ ಮುಂದೆ ಕೂತು, ಇವರು ಚಿಕ್ಕವರಿದ್ದಾಗ ಹಾಡುತ್ತಿದ್ದ ಹಾಡನ್ನೇ ಹಾಡುತ್ತಾನೆ. ಕ್ಯಾಮೆರಾ ಮೆಲ್ಲಗೆ ಬಾಗಿಲ ಹತ್ತಿರ ನಿಂತ ಮ್ಯಾಟ್ ಕಡೆ ಸರಿಯುತ್ತದೆ. ಗುಂಡಿನ ಸದ್ದು ಕೇಳುತ್ತದೆ, ಪಿಯಾನೊ ಅಪಸ್ವರ ಹೊರಡಿಸಿ ನಿಲ್ಲುತ್ತದೆ. ನಮಗೆ ಕಾಣುವುದು ಮ್ಯಾಟ್‌ನ ಮುಖ ಮಾತ್ರ. ಆ ಮುಖ ನೋಡಿದ ಮೇಲೆ ರಕ್ತ ತೋರಿಸಬೇಕಾಗಿಲ್ಲ. ನಿರ್ದೇಶಕ ವಿಲಿಯಂ ವೆಲ್ಮನ್‌ಗೆ ಅದು ಚೆನ್ನಾಗಿ ಗೊತ್ತಿತ್ತು. ಮಳೆಯಲ್ಲಿ ಟಾಮ್ ಎರಡು ಪಿಸ್ತೂಲು ಹಿಡಿದು ಶತ್ರುಗಳ ಜಾಗಕ್ಕೆ ನುಗ್ಗುವಾಗಲೂ ವೆಲ್ಮನ್ ನಮ್ಮನ್ನು ಬೀದಿಯಲ್ಲೇ ನಿಲ್ಲಿಸುತ್ತಾನೆ.

ಸಂಗೀತ ಇಲ್ಲ ಅಂದಿರಿ. ಟಾಕಿ ಬಂದು ಆಗಿನ್ನೂ ನಾಲ್ಕೈದು ವರ್ಷ, ಮಾತಿನ ಹಿಂದೆ ಉದ್ದಕ್ಕೂ ಸಂಗೀತ ಹಾಕುವ ರೂಢಿ ಬಂದಿರಲಿಲ್ಲ. ಈ ಕಥೆಯೊಳಗೆ ಯಾರಾದರೂ ಬಾರಿಸಿದರೆ, ಹಾಡಿದರೆ, ಇಲ್ಲ ಗ್ರಾಮಫೋನ್ ತಿರುಗಿದರೆ ಮಾತ್ರ ಸಂಗೀತ. ಅದಕ್ಕೇ ಕೊನೆಯಲ್ಲಿ ವಾಲ್ಯೂಮ್ ಸ್ವಲ್ಪ ಜಾಸ್ತಿ ಇಡಿ. ಮಗ ಮನೆಗೆ ಬರುತ್ತಾನೆ ಅಂತ ತಾಯಿ ಮಹಡಿ ಮೇಲೆ ಹಾಸಿಗೆ ಸರಿಮಾಡುತ್ತಿರುತ್ತಾಳೆ, ಕೆಳಗೆ ಗ್ರಾಮಫೋನಿನಲ್ಲಿ ಖುಷಿಯ ಹಾಡು. ಅಣ್ಣ ಬಾಗಿಲು ತೆಗೆಯುತ್ತಾನೆ. ಬ್ಯಾಂಡೇಜ್ ಸುತ್ತಿ ಹಗ್ಗದಿಂದ ಬಿಗಿದ ಟಾಮ್‌ನ ಹೆಣ ಮುಗ್ಗರಿಸಿ ಒಳಗೆ ಬೀಳುತ್ತದೆ. ಗ್ರಾಮಫೋನ್ ಆಮೇಲೂ ತಿರುಗುತ್ತಲೇ ಇರುತ್ತದೆ.