ಪ್ರತಿಕ್ರಿಯೆ: ಹಳೆಯ ಪ್ಲೇಟಿನ ಒಂದೇ ಗೀಟಿನಿಂದ ಕಕ್ಷೆ ಸುಧಾರಿಸುತ್ತದಾ?

ದೂರದರ್ಶಕದಿಂದ ಆಕಾಶದ ಫೋಟೋ ತೆಗೆದ ಹಳೆಯ ಗಾಜಿನ ಪ್ಲೇಟಿನಲ್ಲಿ ಕ್ಷುದ್ರಗ್ರಹದ್ದು ಒಂದೇ ಒಂದು ಗೀಟು ಸಿಕ್ಕರೆ ಏನು ಪ್ರಯೋಜನ ಅಂತ ಕೇಳಿದ್ದೀರಿ. ತುಂಬಾ ಇದೆ. ಈಗಿನ ಕೆಲವು ವಾರಗಳ ಅಳತೆಯಿಂದ ಲೆಕ್ಕ ಹಾಕಿದ ಕಕ್ಷೆಯಲ್ಲಿ ಸಣ್ಣ ತಪ್ಪಿದ್ದರೂ ವರ್ಷ ಕಳೆದಂತೆ ಅದು ಬೆಳೆಯುತ್ತಾ ಹೋಗುತ್ತದೆ. ಹತ್ತಾರು ವರ್ಷ ಹಿಂದೆ ಅದು ಎಲ್ಲಿತ್ತು ಅನ್ನುವ ಒಂದೇ ಬಿಂದು ಕಕ್ಷೆಯನ್ನು ಬಿಗಿಯಾಗಿ ಹಿಡಿದುಬಿಡುತ್ತದೆ.

1998ರ ಮಾರ್ಚ್‌ನಲ್ಲಿ, 1997 ಎಕ್ಸ್‌ಎಫ್11 ಎಂಬ ಕ್ಷುದ್ರಗ್ರಹ 2028ರಲ್ಲಿ ಭೂಮಿಗೆ ತೀರಾ ಹತ್ತಿರ ಬರಬಹುದು ಅಂತ ಸುದ್ದಿಯಾಯಿತು. ಮರುದಿನವೇ ಅಮೆರಿಕದ ಪಾಲೋಮಾರ್ ವೀಕ್ಷಣಾಲಯದ 1990ರ ಫಿಲಂಗಳಲ್ಲಿ ಅದು ಸಿಕ್ಕಿತು. ಹೊಸ ಲೆಕ್ಕದಲ್ಲಿ ದೂರ ಸುಮಾರು 9.6 ಲಕ್ಷ ಕಿ.ಮೀ. ಆಯಿತು, ಅಂದರೆ ಭಯ ಬೇಕಿಲ್ಲ. ಇದನ್ನು ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಆದರೆ ಸಿಕ್ಕ ಗೀಟನ್ನು ಸುಮ್ನೆ ಅಳೆದು ಕಳಿಸಬೇಡಿ. ನಕ್ಷತ್ರಗಳು ಚುಕ್ಕಿಯಾಗಿದ್ದು, ಓಡುವ ಕ್ಷುದ್ರಗ್ರಹ ಗೀಟಾಗಿರುತ್ತದೆ ಅಲ್ವಾ? ಆ ಗೀಟಿನ ಎರಡು ತುದಿಗಳೇ ಎಕ್ಸ್‌ಪೋಶರ್ (ಪ್ಲೇಟಿಗೆ ಬೆಳಕು ಬೀಳಲು ಬಿಟ್ಟ ಅವಧಿ) ಶುರುವಾದ ಮತ್ತು ಮುಗಿದ ಕ್ಷಣಗಳು. ಯಾವ ತುದಿ ಮೊದಲು ಅಂತ ಪ್ಲೇಟ್ ಹೇಳುವುದಿಲ್ಲ, ಕಕ್ಷೆಯ ಲೆಕ್ಕದಿಂದ ತಿಳಿಯಬೇಕು.

ನಕ್ಷತ್ರಗಳ ಸ್ಥಾನಕ್ಕೆ ಗಯಾ ಕ್ಯಾಟಲಾಗ್ (ಗಯಾ ಬಾಹ್ಯಾಕಾಶ ದೂರದರ್ಶಕ ಅಳೆದ ನಕ್ಷತ್ರಗಳ ಪಟ್ಟಿ) ಬಳಸಿ, ಅವುಗಳ ಚಲನೆಯನ್ನು ಪ್ಲೇಟಿನ ವರ್ಷಕ್ಕೆ ಹಿಂದಕ್ಕೆ ಎಣಿಸಿ. ಜಾಸ್ತಿ ತಲೆನೋವು ಸಮಯದ್ದು. ದಿನಕ್ಕೆ ಒಂದು ಡಿಗ್ರಿ ಸರಿಯುವ ಕಾಯಕ್ಕೆ, ಗಡಿಯಾರ ಒಂದು ನಿಮಿಷ ತಪ್ಪಿದರೆ ಸ್ಥಾನ 2.5 ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಸೆಕೆಂಡ್ ಅಂದರೆ ಡಿಗ್ರಿಯ 3600ನೇ ಒಂದು ಭಾಗ) ತಪ್ಪುತ್ತದೆ. ಹಾಗಾಗಿ ಪ್ಲೇಟಿನ ಜೊತೆ ಆ ರಾತ್ರಿಯ ಲಾಗ್ ಪುಸ್ತಕವನ್ನೂ ಕೇಳಿ ಪಡೆಯಿರಿ. ಬರೆದಿರುವುದು ಸ್ಥಳೀಯ ಸಮಯವೋ, ನಾಕ್ಷತ್ರಿಕ ಸಮಯವೋ (ಸೂರ್ಯನ ಬದಲು ನಕ್ಷತ್ರಗಳನ್ನು ನೋಡಿ ಎಣಿಸುವ ಸಮಯ) ಅಂತ ಮೊದಲು ನೋಡಿ.